ಹೊಸ್ತಿಲ ಮೇಲಿನ ದಾಳಿಂಬೆ

“ಕೇಳಿರಪ್ಪಾ ಕೇಳಿ. ದೊರೆಗಳ ದಾಳಿಂಬೆ ತೋಟ ಹನ್ನೆರಡು ವರ್ಷದಿಂದ ಒಂದು ಕಾಯಿಯೂ ಕಚ್ಚಿಲ್ಲ. ಹಿರಿಯ ಪಾದ್ರಿಗಳು ಸಾಯುವಾಗ ಮೂರು ಒಗಟು ಹೇಳಿ, ಇವನ್ನು ಬಿಡಿಸಿದರೆ ತೋಟ ಫಲಿಸುತ್ತದೆ ಎಂದಿದ್ದಾರೆ. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ಉತ್ತರ ಹೇಳಿಯೂ ತೋಟ ಫಲಿಸದಿದ್ದರೆ ನೇಣು.”

ಡಂಗುರ ಕೇಳಿ ಬಂದವರೆಲ್ಲ ದೊಡ್ಡವರೇ. ನೆರೆನಾಡಿನ ರಾಜಕುಮಾರ ಬಂದು ಸತ್ತ. ಆಸ್ಥಾನದ ಪಂಡಿತ ಸತ್ತ. ಅರಮನೆಯ ಬೋಧಕನೂ ಸತ್ತ.

ಯೋತಾಮ ದೊರೆ ಕಲ್ಲೆದೆಯವನೇನಲ್ಲ. ಪ್ರತಿ ಭಾನುವಾರ ಗೋಣಿತಟ್ಟು ಉಟ್ಟು ದೇವಾಲಯದಲ್ಲಿ ಎಲ್ಲರೆದುರು ಅಳುತ್ತಿದ್ದ. ಯಾವ ತಪ್ಪಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಂಥ ಭಕ್ತಿ ಎಂದು ಹೊಗಳುತ್ತಿದ್ದರು.

ನಾಲ್ಕನೆಯವನಾಗಿ ಬಂದವನು ಸೋಗಿಹಾಳಿನ ಸೀಲಪ್ಪ, ಕೂಲಿಯವನು. ಬಾಗಿಲ ಕಾವಲಿನವರು, ಹಗ್ಗ ನೀನೇ ತಂದಿದ್ದೀಯೋ ಅಥವಾ ನಾವೇ ಕೊಡಬೇಕೋ ಎಂದು ನಕ್ಕರು.

ದೊರೆ ಕೇಳಿದ: “ಬಾಯಾರಿದರೆ ಹೆರುತ್ತದೆ, ಕಂಠಮಟ್ಟ ಕುಡಿದರೆ ಬಂಜೆಯಾಗುತ್ತದೆ. ಏನದು?”

ರಾಜಕುಮಾರ ಇದಕ್ಕೆ ಕೊಬ್ಬಿದ ಕೋಳಿ ಎಂದಿದ್ದ.

“ನಿಮ್ಮ ದಾಳಿಂಬೆ ಗಿಡ, ದೊರೆ. ಅದಕ್ಕೆ ನೀರು ನಿಲ್ಲಿಸಿ, ಬುಡ ಬಿಡಿಸಿ, ಬೇರಿಗೆ ಬಿಸಿಲು ತೋರಿಸಬೇಕು. ಎಲೆಯೆಲ್ಲ ಉದುರಬೇಕು. ಆಮೇಲೆ ಹದವಾಗಿ ನೀರು ಕೊಟ್ಟರೆ ಹೂ. ನೀವು ದಿನವೂ ಕುಡಿಸಿದಿರಿ. ಎಲೆ ಬಂತು.”

“ಮುಖ ತೊಳೆಯುತ್ತದೆ, ಕೈ ತೊಳೆಯುವುದಿಲ್ಲ. ಯಾವ ನೀರು?”

ಪಂಡಿತ ಪನ್ನೀರು ಎಂದಿದ್ದ.

“ಕಣ್ಣೀರು.”

ದೊರೆ ಮೂರನೆಯದನ್ನು ಕೇಳಿದ: “ಒಂದು ಹೊರೆ. ಎಲ್ಲಿ ಇಳಿಸಿದರೂ ಇಳಿಯುವುದಿಲ್ಲ. ಒಂದೇ ಒಂದು ಜಾಗದಲ್ಲಿ ಇಳಿಯುತ್ತದೆ.”

ಬೋಧಕ ಇದಕ್ಕೆ ಪಾಪ ಎಂದಿದ್ದ, ಬಲಿಪೀಠದ ಮುಂದೆ ಇಳಿಸಿ ಎಂದಿದ್ದ. ಆ ಉತ್ತರ ದೊರೆಗೆ ಹಿಡಿಸಿತ್ತು. ನಲವತ್ತು ದಿನ ಹೆಚ್ಚಾಗಿ ಅತ್ತಿದ್ದ. ಒಂದು ಮೊಗ್ಗೂ ಕಾಣಲಿಲ್ಲ.

“ಕದ್ದ ಮಾಲು,” ಎಂದ ಸೀಲಪ್ಪ. “ಎತ್ತಿಕೊಂಡ ಜಾಗದಲ್ಲೇ ಇಳಿಸಬೇಕು. ಹನ್ನೆರಡು ವರ್ಷದ ಹಿಂದೆ ನಮ್ಮೂರ ಹಳ್ಳಕ್ಕೆ ಅಡ್ಡ ಕಟ್ಟಿ ನೀರನ್ನು ತೋಟಕ್ಕೆ ತಿರುಗಿಸಿಕೊಂಡಿರಿ. ನನ್ನ ತಂಗಿ ಕೆಸರು ಬಸಿದು ಕುಡಿದು ಸತ್ತಳು. ದೇವರು ಕ್ಷಮಿಸುತ್ತಾನೆ, ಅದು ಅವನ ದೊಡ್ಡತನ. ನೀರು ಹಿಂದಕ್ಕೆ ಕೊಡುವುದು ನಿಮ್ಮ ಕೆಲಸ.”

ತೋಟ ಫಲಿಸುವವರೆಗೆ ಇರಲಿ ಎಂದು ಅವನನ್ನು ಸೆರೆಗೆ ಹಾಕಿದರು. ಮರುದಿನ ಭಾನುವಾರ; ದೊರೆ ಗೋಣಿತಟ್ಟು ಬಿಚ್ಚಿಟ್ಟು ಹಾರೆ ಹಿಡಿದ. ತಾನು ಕಟ್ಟಿಸಿದ ಒಡ್ಡನ್ನು ತಾನೇ ಒಡೆದ. ಹಳ್ಳ ತುಂಬಿ ಸೋಗಿಹಾಳಿಗೆ ಹರಿಯಿತು. ಕುಡಿಯಲು ಅಲ್ಲಿ ಉಳಿದದ್ದು ಏಳು ಮನೆ. ತೋಟ ಎಲೆ ಉದುರಿಸಿ ಒಣಗಿ ನಿಂತಿತು. ನೇಣಿನ ಹಗ್ಗಕ್ಕೆ ಎಣ್ಣೆ ಹಚ್ಚಿ ಇಟ್ಟೇ ಇದ್ದರು. ಮೊದಲ ಮಳೆಗೆ ಬರಲು ಪೊರಕೆಯಂಥ ರೆಂಬೆಗಳಲ್ಲಿ ಕೆಂಪು ಮೊಗ್ಗು ಕಂಡವು. ಆರು ತಿಂಗಳಿಗೆ ಹಣ್ಣಾದವು.

ದೊರೆ ಅರ್ಧ ರಾಜ್ಯ ಕೊಡುತ್ತೇನೆಂದ. ಸೀಲಪ್ಪ ಹಳ್ಳದಿಂದ ತೋಟಕ್ಕೆ ನೀರು ಬಿಡುವ ತೂಬಿನ ಬೀಗದ ಕೈ ಮಾತ್ರ ಕೇಳಿ ಪಡೆದ.

“ಇನ್ನೊಂದಿದೆ,” ಎಂದ. “ನೇಣಿಗೆ ಹಾಕಿದ ಮೂವರ ಮನೆಗೆ ಮೊದಲ ಹಣ್ಣು ನೀವೇ ಹೊತ್ತುಕೊಂಡು ಹೋಗಿ. ಆಳಿನ ಕೈಲಿ ಕಳಿಸಬೇಡಿ.”

ದೊರೆ ಬುಟ್ಟಿ ಹೊತ್ತು ಹೋದ. ರಾಜಕುಮಾರನ ಮನೆಯವರು ಬುಟ್ಟಿಗೆ ಬೆನ್ನು ತಿರುಗಿಸಿದರು. ಪಂಡಿತನ ಮಗ ಹಣ್ಣನ್ನು ಬೀದಿಗೆ ಎಸೆದ. ಬೋಧಕನ ತಾಯಿ ದೊರೆಯ ಮುಖ ನೋಡಿ ಬಾಗಿಲು ಹಾಕಿಕೊಂಡಳು. ಹಣ್ಣು ಹೊಸ್ತಿಲ ಮೇಲೆ ಒಡೆದು ಕೊಳೆಯಿತು.

ಮರುವರ್ಷವೂ ದೊರೆ ಹೊತ್ತುಕೊಂಡು ಹೋದ. ಅದರ ಮರುವರ್ಷವೂ. ಆ ತಾಯಿಯ ಬಾಗಿಲು ತೆರೆಯಲಿಲ್ಲ. ಹಣ್ಣು ಮಾತ್ರ ಪ್ರತಿ ವರ್ಷ ಹೊಸ್ತಿಲಿಗೆ ಬಂತು.