ನೂಲು ತೆಗೆಯುವವಳ ಕೈ

"ಬುದ್ಧೀ, ಒಂದೇ ಮಾತು ಒಬ್ಬನಿಗೆ ತಣ್ಣಗೆ, ಇನ್ನೊಬ್ಬನಿಗೆ ಬೆಂಕಿ ಆಗುವುದುಂಟೇ?" ಎಂದು ಮುರಿಗಯ್ಯ ಗುರುಗಳನ್ನು ಕೇಳಿದ.

ಹದಿನೆಂಟು ವರ್ಷದಿಂದ ಮಠದಲ್ಲಿರುವ ಹಿರಿಯ ಶಿಷ್ಯ ಅವನು. ಮೊನ್ನೆ ಸೇರಿದ ಹೊಸಬನೊಬ್ಬ ಪೂಜೆಯ ನೀರು ಚೆಲ್ಲಿದ್ದಕ್ಕೆ ಬೆಳಿಗ್ಗೆ ಇವನು ಅವನಿಗೆ ನಾಲ್ಕು ಮಾತು ಅಂದಿದ್ದ. ಆ ಹೊಸಬ ಈಗ ಅಂಗಳದಲ್ಲಿ ಕೂತು ಬಟ್ಟೆಯ ಗಂಟು ಕಟ್ಟುತ್ತಿದ್ದ. ಮಠವೇ ಬೇಡವೆಂದು ಊರಿಗೆ ಹೊರಟಿದ್ದ.

"ನಾನು ಅಂದದ್ದು ಮೆತ್ತನೆಯ ಮಾತೇ. ನನ್ನ ಕಿವಿಯೇ ಸಾಕ್ಷಿ. ಅವನು ಸುಮ್ಮನೆ ರಂಪ ಮಾಡುತ್ತಿದ್ದಾನೆ."

"ಓಹೋ, ಕಿವಿಯೇ ಸಾಕ್ಷಿಯೋ? ಹಾಗಾದರೆ ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ರೇಷ್ಮೆ ಗೂಡಿನಿಂದ ನೂಲು ತೆಗೆಯುವವಳೊಬ್ಬಳಿದ್ದಳು. ಬಾಣಲೆಯ ಬಿಸಿನೀರಿನಲ್ಲಿ ಗೂಡುಗಳು ತೇಲುತ್ತವೆ; ಅದರೊಳಗೆ ಬೆರಳಿಟ್ಟು ಎಳೆಯ ತುದಿ ಹುಡುಕಬೇಕು. ಮೊದಲ ವರ್ಷ ಬೆರಳು ಬೆಂದು ಅತ್ತಳು. ಎರಡನೆಯ ವರ್ಷ ಹಲ್ಲು ಕಚ್ಚಿ ಸಹಿಸಿದಳು. ಆಮೇಲೆ ಬಿಸಿ ಅವಳಿಗೆ ಬಿಸಿ ಅನ್ನಿಸಲೇ ಇಲ್ಲ. ಹೀಗೆ ಮೂವತ್ತು ವರ್ಷ ಕಳೆಯಿತು. ಬಾಣಲೆಯ ಹದ ನೋಡಲು ಕೇರಿಯವರೆಲ್ಲ ಅವಳನ್ನೇ ಕರೆಯುತ್ತಿದ್ದರು.

ಅವಳ ಮಗಳು ಬಾಣಂತನಕ್ಕೆ ಬಂದಳು. ಹತ್ತು ವರ್ಷ ಕಾದ ಮೇಲೆ ಹುಟ್ಟಿದ ಕೂಸು. ಕೂಸಿಗೆ ಎರೆಯುವ ಮುದುಕಿ ಒಂದು ದಿನ ಬರಲಿಲ್ಲ. ಇವಳೇ ಮಣೆಯ ಮೇಲೆ ಕಾಲು ಚಾಚಿ ಕೂತಳು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು, ಹಂಡೆಯ ನೀರಿಗೆ ಕೈ ಅದ್ದಿ ಹದವಾಗಿದೆ ಅಂದಳು.

"ಅವ್ವಾ, ಹಬೆ ಏಳ್ತಾ ಇದೆಯಲ್ಲ," ಎಂದಳು ಮಗಳು.

"ಮೂವತ್ತು ವರ್ಷ ನೀರಲ್ಲೇ ಕೈಯಿಟ್ಟೋಳು ನಾನು. ಮೀನಿಗೆ ಈಜು ಕಲಿಸಬೇಡ, ಸುಮ್ನಿರೇ."

ಎರೆಯುವವರು ಮೊದಲ ಚೆಂಬನ್ನು ತಮ್ಮ ಪಾದಕ್ಕೆ ಹೊಯ್ದುಕೊಳ್ಳುವುದು ಆ ಮನೆಯ ರೂಢಿ. ಪುಣ್ಯಕ್ಕೆ ಅದನ್ನು ಮರೆಯಲಿಲ್ಲ. ನೀರು ಬಿದ್ದದ್ದೇ ತಡ, ಕಾಲು ತಾನಾಗಿ ಹಿಂದಕ್ಕೆ ಸೆಳೆದುಕೊಂಡಿತು. ಕೂಸು ಜಾರಿತು. ಮಗಳು ಬಾಚಿ ಎತ್ತಿಕೊಂಡಳು. ಅಷ್ಟರಲ್ಲಿ ಎರಡು ಹನಿ ಸಿಡಿದು ಕೂಸಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಅವಳು ಮತ್ತೆ ಕೈ ಅದ್ದಿದಳು. ಹದವಾಗಿಯೇ ಇತ್ತು. ಪಾದ ನೋಡಿಕೊಂಡಳು. ಕೆಂಪಗೆ ಸುಟ್ಟಿತ್ತು. ನೀರು ಅದೇ, ಮೈಯೂ ಅವಳದೇ. ನನ್ನ ಕೈಯೇ ನನಗೆ ಹೀಗೆ ಮಾಡಿತಲ್ಲ ಎಂದು ಅತ್ತಳು. ಕೈಯನ್ನು ಯಾಕಯ್ಯ ಅನ್ನಬೇಕು? ಪಾಪ, ಅದು ತನಗೆ ತಿಳಿದಷ್ಟನ್ನು ಹೇಳಿತು. ಬೆಂದು ಬೆಂದು ಅದಕ್ಕೆ ತಿಳಿಯುತ್ತಿದ್ದದ್ದೇ ಅಷ್ಟು. ಮರುದಿನದಿಂದ ಅವಳು ಮೊಣಕೈ ಅದ್ದಿ ನೋಡಿ ಕೂಸಿಗೆ ಎರೆದಳು.

ಕತೆ ಮುಗಿಯಿತು. ಮುರಿಗಯ್ಯ ಲೊಚಗುಟ್ಟಿದ. "ಎಂಥ ಹೆಂಗಸು. ಹಬೆ ಕಣ್ಣಿಗೇ ಕಾಣುತ್ತಿತ್ತಲ್ಲ, ಬುದ್ಧೀ."

ಗುರುಗಳು ಅಂಗಳದ ಕಡೆ ನೋಡಿದರು. ಹೊಸಬ ಗಂಟನ್ನು ಹೆಗಲಿಗೇರಿಸಿ, ಕಣ್ಣೊರೆಸಿಕೊಳ್ಳುತ್ತಿದ್ದ.

"ಹದಿನೆಂಟು ವರ್ಷ ನನ್ನ ಬೈಗುಳದಲ್ಲಿ ಬೆಂದ ಕಿವಿಯಿಂದಲೇನಯ್ಯ, ನೀನು ಮಾತಿನ ಬಿಸಿ ನೋಡಿದ್ದು?"