ಆರಲು ಇಟ್ಟ ಹಲಗೆ

“ಜಗಳವಾಡಿ ಅಣ್ಣನ ಮನೆ ಬಿಟ್ಟು ಬಂದವನು ನಾನು. ಹೋಗಿ ಕ್ಷಮೆ ಕೇಳಬೇಕೆಂದಿದ್ದೇನೆ. ಮನಸ್ಸು ಪೂರ್ತಿ ಆರಲಿ ಎಂದು ಕಾಯುತ್ತಿದ್ದೇನೆ. ಇದು ಸರಿಯೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಾಡಂಚಿನ ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ಅವನ ಅಣ್ಣ ಕಾಡುಕೋಳಿಯ ಕೂಗನ್ನು ಬಾಯಲ್ಲೇ ಕೂಗುತ್ತಿದ್ದ. ಅವನು ಕೂಗಿದರೆ ಗುಡ್ಡದ ಹುಂಜಗಳು ಓಗೊಡುತ್ತಿದ್ದವು. ಅವನು ಅವುಗಳನ್ನು ಹಿಡಿದವನಲ್ಲ, ಕೊಂದವನಲ್ಲ. ಮಾತಾಡಿಸುವುದೇ ಅವನ ಸಂತೋಷ. ವಯಸ್ಸಾಗಿ ಹಲ್ಲು ಬಿದ್ದ ಮೇಲೆ ಆ ಕೂಗು ಹೊರಡದಾಯಿತು.

ಒಂದು ದಿನ ಅಣ್ಣ ತಮ್ಮನಲ್ಲಿಗೆ ಬಂದು, “ಮುಚ್ಚಳ ತೀಡಿದರೆ ಹೇಟೆಕೋಳಿಯಂತೆ ಕೂಗುವ ಮರದ ಪೆಟ್ಟಿಗೆಯನ್ನು ಮಾಡುತ್ತಾರಂತೆ. ನನಗೊಂದು ಮಾಡಿಕೊಡೋ,” ಎಂದ.

ಅಣ್ಣ ತಮ್ಮನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ತಮ್ಮ ಮಾಡಿದ ಮೊದಲ ಮಣೆಯನ್ನು ನೋಡಿ, “ಒಲೆಗಾದೀತು,” ಎಂದು ನಕ್ಕವನು ಅವನು. ಬಡಗಿ ಅದನ್ನು ಮರೆತಿರಲಿಲ್ಲ. ಈ ಸಲ ಅಣ್ಣ ಕುಂದು ಹುಡುಕಬಾರದು ಎಂದುಕೊಂಡ.

ಹಿತ್ತಲಲ್ಲಿ ತಾನೇ ಬೆಳೆಸಿದ್ದ ಶಿವನೆ ಮರವನ್ನು ಕಡಿದ. ಮರದ ನಟ್ಟನಡುವಿನ ಭಾಗ ಸೀಳುತ್ತದೆಂದು ಬಿಟ್ಟ. ತೊಗಟೆಗೆ ತಾಗಿದ ಬಿಳಿಯ ಭಾಗಕ್ಕೆ ಹುಳು ಬೀಳುತ್ತದೆಂದು ಬಿಟ್ಟ. ಎಳೆ ನೇರವಾಗಿದ್ದ ನಾಲ್ಕೇ ಹಲಗೆಗಳನ್ನು ಆರಿಸಿಕೊಂಡ. ತುದಿ ಬಿರಿಯದಂತೆ ಸಗಣಿ ಮೆತ್ತಿದ. ನಡುನಡುವೆ ಕಡ್ಡಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಆರಲು ಪೇರಿಸಿದ.

ಎರಡನೆಯ ಬೇಸಿಗೆಯಲ್ಲಿ ಒಂದು ಹಲಗೆಯನ್ನೆತ್ತಿ ಬೆರಳಿನಿಂದ ತಟ್ಟಿದ. ಚೆನ್ನಾಗಿ ಆರಿದ ಮರದ ಹಾಗೆ ಖಣಿಲೆಂದಿತು. ಉಳಿ ಅಲ್ಲೇ ಇತ್ತು. ಆದರೂ ಹಲಗೆಯನ್ನು ಮತ್ತೆ ಪೇರಿಯ ಮೇಲಿಟ್ಟ.

“ಆರಿತೇನೋ?” ಎಂದು ಅಣ್ಣ ಬಂದು ಕೇಳಿದ.

“ಇನ್ನೊಂದು ಮಳೆಗಾಲ ಕಳೆಯಲಿ, ಅಣ್ಣಾ.”

ಹಾಗೆಯೇ ಇನ್ನೂ ಮೂರು ಮಳೆಗಾಲ ಕಳೆದವು. ಅಣ್ಣ ಕೇಳುವುದನ್ನು ಬಿಟ್ಟ. ಬರುವುದೂ ಕಡಿಮೆಯಾಯಿತು.

ಕಡೆಗೊಮ್ಮೆ ಬಡಗಿ ಪೆಟ್ಟಿಗೆ ಮಾಡಿದ. ಅಂಥ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಅದನ್ನು ಹಿಡಿದು ಅಣ್ಣನ ಮನೆಗೆ ಹೋದ. ಅಣ್ಣ ಜಗಲಿಯಲ್ಲಿ ಕುಳಿತಿದ್ದ. ಎರಡು ಸಲ ಕರೆದರೂ ತಿರುಗಲಿಲ್ಲ. ಹೆಗಲು ಮುಟ್ಟಿದಾಗ ಬೆಚ್ಚಿ ನೋಡಿದ.

ಪೆಟ್ಟಿಗೆಯನ್ನು ಕಂಡು ಮುದುಕನ ಮುಖ ಅರಳಿತು. ಅದನ್ನು ಸವರಿ ನೋಡಿದ. ಕುಂದು ಹುಡುಕಲಿಲ್ಲ. ಗುಡ್ಡದ ಕಡೆಗೆ ತಿರುಗಿ ಮುಚ್ಚಳವನ್ನು ಮೆಲ್ಲನೆ ತೀಡಿದ. ಪೊದೆಯೊಳಗಿಂದ ಒಂದು ಹುಂಜ ಕೂಗಿತು. ದೂರದಿಂದ ಇನ್ನೊಂದು ಕೂಗಿತು.

ಅಣ್ಣ ತಮ್ಮನ ಮುಖವನ್ನೇ ನೋಡುತ್ತ ಕೇಳಿದ: “ಕೂಗಿದವೇನೋ?”

ಬಡಗಿ ಹೌದೆಂದು ತಲೆಯಾಡಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಆಮೇಲೆ ಆ ಬಡಗಿ ಏನು ಮಾಡಿದ?” ಎಂದು ಕೇಳಿದ.

ಗುರುಗಳು ಹೇಳಿದರು: “ನಿನ್ನ ಅಣ್ಣನಿಗೆ ಈಗ ವಯಸ್ಸೆಷ್ಟು?”