ಹೊಳೆಗೆ ರಸ್ತೆಯೆಂದು ಹೆಸರಿಟ್ಟ ದೊರೆ

ಹತ್ತಿರ ಬನ್ನಿರಪ್ಪಾ, ಕೇಳಿ. ಒಂದಾನೊಂದು ಊರಿನಲ್ಲಿ, ಎರಡಾಗಲು ಪುರುಸೊತ್ತೇ ಇಲ್ಲದ ಊರಿನಲ್ಲಿ, ಒಂದು ಹೊಳೆ ಇತ್ತು. ಹೊಳೆಗೆ ಸೇತುವೆ ಇರಲಿಲ್ಲ. ಸಿಂಗಳದೇವ ಎಂಬ ದೊರೆ ಪಟ್ಟಕ್ಕೇರಿದ ದಿನ ಸೇತುವೆ ಕಟ್ಟಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಏಳು ವರ್ಷವಾಯಿತು. ಮಾತೂ ಹಾಗೇ ಇತ್ತು, ಹೊಳೆಯೂ ಹಾಗೇ ಇತ್ತು.

"ಮಂತ್ರಿ, ಜನ ಸೇತುವೆ ಕೇಳುತ್ತಿದ್ದಾರೆ" ಎಂದ ದೊರೆ.

"ಸೇತುವೆ ಯಾತಕ್ಕೆ ಪ್ರಭು?"

"ಹೊಳೆ ದಾಟಲಿಕ್ಕೆ."

"ಹೊಳೆಯೇ ಇಲ್ಲದಿದ್ದರೆ?"

ದೊರೆ ಕಿಟಕಿಯಿಂದ ಇಣುಕಿದ. "ಇದೆಯಲ್ಲಯ್ಯಾ!"

"ಅದು ಹೊಳೆಯಲ್ಲ ಪ್ರಭು, ಒದ್ದೆ ರಸ್ತೆ. ರಸ್ತೆಗೆ ಯಾವ ಮೂರ್ಖ ಸೇತುವೆ ಕೇಳುತ್ತಾನೆ?"

ದೊರೆಗೆ ಸ್ವರ್ಗ ಮೂರೇ ಗೇಣು. ಡಂಗುರ ಸಾರಿಸಿಬಿಟ್ಟ. ಹೊಳೆ ರಸ್ತೆಯಾದ ಮೇಲೆ ಅದರಲ್ಲಿ ಓಡಾಡುವ ಮೀನು ಪಾದಚಾರಿಯಾಯಿತು. ಪಾದಚಾರಿಯನ್ನು ಹುರಿದು ತಿನ್ನುವುದುಂಟೇ? ಬಲೆಗಳನ್ನೆಲ್ಲ ಕಸಿದುಕೊಂಡರು. ಮೊಸಳೆ ರಸ್ತೆ ಕಾವಲುಗಾರನಾಯಿತು, ಅದಕ್ಕೊಂದು ಕೆಂಪು ರುಮಾಲು ಸುತ್ತಿದರು. ಇನ್ನು ರಸ್ತೆಯಲ್ಲಿ ಹರಿಗೋಲಿಗೇನು ಕೆಲಸ? ಅದರಲ್ಲಿ ಕೋಳಿ ಸಾಕಿದರು.

ಈ ಸುದ್ದಿ ಹೊಳೆಯ ಕಿವಿಗೂ ಬಿತ್ತು. "ನಾನು ರಸ್ತೆಯಂತೆ! ರಸ್ತೆ ಎಲ್ಲಾದರೂ ಹರಿಯುತ್ತದೆಯೇ? ನೋಡಿದವರು ಏನಂದಾರು!" ಎಂದು ನಾಚಿ, ಹರಿಯುವುದನ್ನು ಬಿಟ್ಟು ನೆಟ್ಟಗೆ ಮಲಗಿತು. ಅಲೆಯಿಲ್ಲ, ಸದ್ದಿಲ್ಲ. ಆಳ ಮಾತ್ರ ಇದ್ದಷ್ಟೇ ಇತ್ತು.

ಅದು ಮಲಗಿದ್ದನ್ನು ನೋಡಿ, ತಾನೇ ಸಾರಿಸಿದ ಸುಳ್ಳನ್ನು ದೊರೆ ತಾನೇ ನಂಬಿದ. "ನಾಳೆ ನಾನೇ ಮೊದಲು ನಡೆದು ರಸ್ತೆ ಉದ್ಘಾಟಿಸುತ್ತೇನೆ" ಎಂದ.

ಮರುದಿನ ಬೆಳಿಗ್ಗೆ ದಡದ ತುಂಬ ಜನ. ಆಚೆ ದಡದಿಂದ ಬಡಿಗೇರ ಮೌನೇಶ ಕೂಗಿಕೊಂಡ: "ದೇಮವ್ವಾ, ಲಗೂ ಬಾ ಯವ್ವಾ! ನನ್ನ ಹೇಣ್ತಿ ಈರಮ್ಮಗ ಬ್ಯಾನಿ ಸುರುವಾಗ್ಯಾವ. ಕೂಸು ಅಡ್ಡ ಆಗೇತಿ!"

ದೇಮವ್ವ ನಮ್ಮ ಸೀಮೆಗೆಲ್ಲ ಒಬ್ಬಳೇ ಸೂಲಗಿತ್ತಿ. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಂಬಿಗರ ಹುಲಗಪ್ಪನ ಹತ್ತಿರ ಓಡಿದಳು.

"ಹುಲಗ್ಯಾ, ಹರಿಗೋಲು ಹಾಕೋ!"

"ಎಲ್ಲಿ ಹಾಕ್ಲಿಬೇ? ಹೊಳಿನ ಇಲ್ಲಂತ. ರಸ್ತಾದಾಗ ಹರಿಗೋಲು ಹಾಕಿದ್ರ ತಲಿ ತಗೀತಾರ."

"ತಡಾ ಮಾಡಿದ್ರ ಎರಡು ಜೀವ ಹೋಗ್ತಾವೋ!"

"ನಡೆದುಕೊಂಡು ಹೋಗಮ್ಮ, ರಸ್ತೆ ಇದೆಯಲ್ಲ" ಎಂದ ಮಂತ್ರಿ. "ಆದರೆ ಪ್ರಭುಗಳು ಮೊದಲು."

ಪ್ರಭುಗಳು ಮೊದಲು ಇಳಿದರು. ಮೊಣಕಾಲು ಹೋಯಿತು. ಸೊಂಟ ಹೋಯಿತು.

"ಪ್ರಭುಗಳು ಏನು ಮಾಡಾಕತ್ತಾರ್ರಿ?" ಜನ ಕೇಳಿದರು.

"ಆಳವಾಗಿ ಪರಿಶೀಲಿಸುತ್ತಿದ್ದಾರೆ" ಎಂದ ಮಂತ್ರಿ. ಜನ ಚಪ್ಪಾಳೆ ತಟ್ಟಿದರು.

ಕುತ್ತಿಗೆ ಹೋಯಿತು. "ಇನ್ನೂ ಆಳವಾಗಿ ಪರಿಶೀಲಿಸುತ್ತಿದ್ದಾರೆ!" ಇನ್ನೂ ಜೋರು ಚಪ್ಪಾಳೆ.

"ನೀರು! ನೀರು!" ದೊರೆ ಬಾಯಿ ಬಾಯಿ ಬಿಟ್ಟ.

"ಪ್ರಭುಗಳಿಗೆ ಬಾಯಾರಿಕೆ" ಎಂದ ಮಂತ್ರಿ. ನಾಲ್ಕು ಮಂದಿ ಅದೇ ರಸ್ತೆಯಲ್ಲಿ ಕೊಡ ತುಂಬಿ ದೊರೆಯ ಬಾಯಿಗೆ ಸುರಿದರು.

ದೇಮವ್ವನ ಸಿಟ್ಟು ನೆತ್ತಿಗೇರಿತು. "ಮುಳುಗಾಕತ್ತಾನಲ್ರೋ! ಅದು ಹೊಳಿ! ಹೊಳೆವ್ವಾ, ಇವರಿಗೆ ನಿನ್ನ ಹೆಸರು ಮರತೈತಿ, ನೀ ಬಾರವ್ವಾ!"

ಹೆಸರು ಹಿಡಿದು ಕರೆದರೆ ಓಗೊಡದವರು ಯಾರು? ಹೊಳೆ "ಓ" ಎಂದಿತು. ಮೈಮುರಿದು ಹರಿಯತೊಡಗಿತು. ಹೊಳೆ ಬಂದ ಮೇಲೆ ಹರಿಗೋಲಿಗೇನು ತಡೆ? ಹುಲಗಪ್ಪ ಕೋಳಿಗಳ ಸಮೇತ ನೀರಿಗಿಳಿಸಿದ. ದೇಮವ್ವ ಹೋಗುತ್ತಾ ಹೋಗುತ್ತಾ ದೊರೆಯ ಜುಟ್ಟು ಹಿಡಿದು ಒಳಗೆಳೆದುಕೊಂಡಳು.

"ನನ್ನನ್ನು ಅರಮನೆಗೆ ಬಿಡಿ" ಎಂದ ದೊರೆ.

"ಅದಕ್ಕ ಹೊತ್ತಿಲ್ರಿ ದೊರಿ. ಬರ್ರಿ, ನೀರು ಕಾಸಾಕ ಒಬ್ಬರು ಬೇಕು."

ದೊರೆ ಬಡಿಗೇರರ ಒಲೆ ಮುಂದೆ ಕೂತು ಊದಿ ಊದಿ ನೀರು ಕಾಸಿದ. ದೇಮವ್ವ ಹೊಟ್ಟೆ ನೀವಿ ನೀವಿ ಕೂಸನ್ನು ತಿರುಗಿಸಿದಳು. ಬಿಸಿಲೇರುವಷ್ಟರಲ್ಲಿ ಕೂಸು ಹೊರಬಂದು ಕಿಟಾರನೆ ಕಿರುಚಿತು. ತಾಯಿ ಕಣ್ಣು ಬಿಟ್ಟು ನೋಡಿದಳು.

"ಆಹಾ, ಹರ್ಷೋದ್ಗಾರ!" ಎಂದ ದೊರೆ. ಚಟ ಎಲ್ಲಿ ಬಿಡುತ್ತದೆ?

"ಅಳು ಅನ್ರಿ ದೊರಿ."

"ಅಳು" ಎಂದ ದೊರೆ. ಅಂದದ್ದೇ ತಡ, ಅವನಿಗೂ ಅಳು ಬಂತು. ಅತ್ತು ಮುಗಿಸಿ ಹೋಗಿ ಸೇತುವೆ ಕಟ್ಟಿಸಿದ.

ಆ ಕೂಸು ನಾನೇ ನೋಡ್ರಪ್ಪಾ. ನಾನು ಉಂಡ ಅನ್ನ, ಕಂಡ ಬೆಳಕು, ಹೇಳಿದ ಕತೆ ಎಲ್ಲ ದೇಮವ್ವನ ಆ ಒಂದು ಕೂಗಿನ ಪುಣ್ಯ. ಅವಳನ್ನು ನೆನೆದರೆ ಈಗಲೂ ಕೈ ತಾನಾಗಿ ಮುಗಿಯುತ್ತದೆ. ದೊರೆಯ ಋಣವೂ ಇದೆ, ಸುಳ್ಳೇಕೆ ಹೇಳಲಿ? ನನ್ನ ಮೊದಲ ಸ್ನಾನದ ನೀರು ಕಾಸಿದವನು ಅವನೇ.

ನೀತಿ ಬೇಕೇ? ದೊರೆ ಆಳವಾಗಿ ಪರಿಶೀಲಿಸುವಾಗ ಚಪ್ಪಾಳೆ ತಟ್ಟಬೇಡಿ, ಜುಟ್ಟು ಹಿಡಿಯಿರಿ. ಕತೆ ದಡ ಸೇರಿತು, ಹೇಳಿದವನ ಗಂಟಲು ಒಣಗಿತು. ದೇಮವ್ವನ ಹೆಸರು ಹೇಳಿ ಒಂದು ತಂಬಿಗೆ ನೀರು ಕೊಡಿ. ನೀರು ಅಂತಲೇ ಹೇಳಿ ಕೊಡಿ.